ಇಪ್ಪತ್ತು ಕುರ್ಚಿಯ ಬಾರ್‌ಗೆ ಸನ್ನದು ಎಲ್ಲಿದೆ?

ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ಗೋವಾದಲ್ಲೋ ದುಬೈನಲ್ಲೋ ಪ್ರವಾಸಿ ಹಡಗಿನಲ್ಲೋ ಕೆಲವು ವರ್ಷ ಬಾರ್‌ಟೆಂಡರ್ ಆಗಿ ದುಡಿದು ಊರಿಗೆ ಮರಳುವ ಹುಡುಗ ಹುಡುಗಿಯರಲ್ಲಿ ಕೆಲವರಿಗೆ ಒಂದು ಆಸೆ ಇರುತ್ತದೆ. ಹಾಸನದಲ್ಲೋ ಶಿವಮೊಗ್ಗದಲ್ಲೋ ಚಿಕ್ಕಮಗಳೂರಿನಲ್ಲೋ ಇಪ್ಪತ್ತು ಕುರ್ಚಿಗಳ ಒಂದು ಕಾಕ್‌ಟೇಲ್ ಬಾರ್ ತೆರೆಯಬೇಕು. ಒಳಗೆ ಬೆಳಕು ಚೆನ್ನಾಗಿರಬೇಕು, ಹೆಂಗಸರು ಹಿಂಜರಿಯದೆ ಬಂದು ಕೂರುವಂತಿರಬೇಕು, ಲೋಟದಲ್ಲಿ ನಮ್ಮ ಮುರುಗಲು, ಕಾಳುಮೆಣಸು, ಕೊಡಗಿನ ಕಿತ್ತಳೆ, ಬಾಬಾಬುಡನ್‌ಗಿರಿಯ ಕಾಫಿ ಇರಬೇಕು. ಬಂದವರು ಒಂದೋ ಎರಡೋ ಕುಡಿದು, ಹೊಟ್ಟೆ ತುಂಬ ಉಂಡು, ನಾಲ್ಕು ಮಾತಾಡಿ ಮನೆಗೆ ಹೋಗಬೇಕು. ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಕರ್ನಾಟಕದಲ್ಲಿ ಇದು ಮೊದಲ ಹೆಜ್ಜೆಯಲ್ಲೇ ನಿಂತುಹೋಗುತ್ತದೆ. ಸಣ್ಣ ಊರಿನ ಜನರ ಮಡಿವಂತಿಕೆಯೇ ಇದಕ್ಕೆ ಕಾರಣ ಎಂದು ಬಹಳ ಮಂದಿ ನಂಬಿದ್ದಾರೆ. ನಾನು ಹಾಗೆ ನಂಬುವುದಿಲ್ಲ. ಮಡಿವಂತಿಕೆಯನ್ನು ಮಾತಾಡಿ ಒಲಿಸಿಕೊಳ್ಳಬಹುದು. ಒಲಿಯದಿರುವುದು ನಮ್ಮ ಮದ್ಯ ಸನ್ನದಿನ ವ್ಯವಸ್ಥೆ.

ನಾನಿರುವ ಶಂಕರಪುರಂನಿಂದಲೇ ಶುರು ಮಾಡುತ್ತೇನೆ. ಇದು ಬೆಂಗಳೂರಿನ ನಡುವೆ ಇದ್ದರೂ ಸ್ವಭಾವದಲ್ಲಿ ಸಣ್ಣ ಊರೇ. ಬಸವನಗುಡಿ, ಚಾಮರಾಜಪೇಟೆ, ವಿಶ್ವೇಶ್ವರಪುರಂಗಳಿಗೆ ಅಂಟಿಕೊಂಡಿರುವ ಈ ಬಡಾವಣೆಯಲ್ಲಿ ಯಾರ ಮಗ ಯಾವ ಬಾಗಿಲಲ್ಲಿ ನಿಂತಿದ್ದ ಎಂಬುದು ಸಂಜೆಯೊಳಗೆ ಎರಡು ಅಡ್ಡರಸ್ತೆ ದಾಟಿರುತ್ತದೆ. ಇಲ್ಲಿ ಕಾಕ್‌ಟೇಲ್ ಬಾರ್ ತೆರೆಯಲು ಯಾರಾದರೂ ಹೊರಟರೆ ಏನಾಗುತ್ತದೆ? 1967ರ ಕರ್ನಾಟಕ ಅಬಕಾರಿ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮದಲ್ಲಿ ಐದನೆಯದು ಜಾಗದ ಕುರಿತದ್ದು. ಧಾರ್ಮಿಕ ಸಂಸ್ಥೆ, ಶಿಕ್ಷಣ ಸಂಸ್ಥೆ, ಆಸ್ಪತ್ರೆ, ಸರ್ಕಾರಿ ಕಚೇರಿ, ಇವುಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರಕೂಡದು. ಆಕಾಶದಲ್ಲಿ ಗೆರೆ ಎಳೆದು ಅಳೆಯುವುದಲ್ಲ. ಕಾಲ್ನಡಿಗೆಯಲ್ಲಿ ಹೋಗುವವರು ಹಿಡಿಯುವ ಹತ್ತಿರದ ದಾರಿಯಲ್ಲಿ, ಬಾಗಿಲಿಂದ ಗೇಟಿಗೆ ಅಳೆಯುವುದು.

ಆ ಅಳತೆ ಹಿಡಿದು ಶಂಕರಪುರಂ ಸುತ್ತಿದರೆ ಶೃಂಗೇರಿಯ ಶಂಕರ ಮಠ ಒಂದು ವೃತ್ತ ಬರೆಯುತ್ತದೆ, ರಂಗದೊರೆ ಸ್ಮಾರಕ ಆಸ್ಪತ್ರೆ ಇನ್ನೊಂದು. ಬೀದಿಬೀದಿಯ ದೇವಸ್ಥಾನಗಳು, ಶಾಲೆಗಳು ಉಳಿದ ಜಾಗವನ್ನು ಹಂಚಿಕೊಳ್ಳುತ್ತವೆ. ಕಾನೂನಿಗೆ ಸಿಕ್ಕುವ ಒಂದು ಮಳಿಗೆ ಹುಡುಕುವುದೇ ಕಷ್ಟ. ಸಿಕ್ಕರೂ ಪಕ್ಕದ ಮನೆಯವರ ತಕರಾರು ಅರ್ಜಿ ಖಂಡಿತ. ಆ ಅರ್ಜಿಗೆ ನಾನೂ ಸಹಿ ಹಾಕುತ್ತೇನೆ. ಏಳೂವರೆಗೆ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂರುವ ಹಿರಿಯರಿಗೆ ತಮ್ಮ ಬೀದಿ ಹೇಗಿರಬೇಕೆಂದು ಹೇಳುವ ಹಕ್ಕಿದೆ. ಕಾಕ್‌ಟೇಲ್ ಬೇಕೆನಿಸಿದ ಶಂಕರಪುರಂನ ಹುಡುಗಿ ಮೆಟ್ರೊ ಹತ್ತಿ ಚರ್ಚ್ ಸ್ಟ್ರೀಟಿಗೋ ಇಂದಿರಾನಗರಕ್ಕೋ ಹೋಗಿ ಬರಬಹುದು. ಇಲ್ಲಿ ನಿಯಮ ತನ್ನ ಕೆಲಸ ಮಾಡಿದೆ, ಯಾರಿಗೂ ಅನ್ಯಾಯವಾಗಿಲ್ಲ.

ಹಾಸನದ ಹುಡುಗಿಗೆ ಚರ್ಚ್ ಸ್ಟ್ರೀಟ್ ಇಲ್ಲ. ಅವಳ ಊರಿನಲ್ಲಿ ನಿಯಮಕ್ಕೆ ಒಪ್ಪುವ ಮಳಿಗೆ ಬೇಕಾದಷ್ಟು ಸಿಗಬಹುದು. ಸನ್ನದು ಸಿಗುವುದಿಲ್ಲ.

ಬಾರ್ ಅಂಡ್ ರೆಸ್ಟೋರೆಂಟ್‌ಗೆ ಬೇಕಾದ ಸನ್ನದಿನ ಹೆಸರು ಸಿಎಲ್-9. ಬಾಟಲಿ ಮಾರುವ ವೈನ್ ಶಾಪಿಗೆ ಸಿಎಲ್-2. ಈ ಎರಡನ್ನೂ ಹೊಸದಾಗಿ ಕೊಡುವುದನ್ನು ಸರ್ಕಾರ 1992ರಲ್ಲಿ ನಿಲ್ಲಿಸಿತು. ಉದ್ದೇಶ ಒಳ್ಳೆಯದೇ, ಮದ್ಯದಂಗಡಿಗಳು ಹೆಚ್ಚಬಾರದು ಎಂಬುದು. 1991ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ ಸುಮಾರು 4.5 ಕೋಟಿ, 2011ರ ಹೊತ್ತಿಗೆ ಅದು 6.1 ಕೋಟಿ ದಾಟಿತು. ಬೆಂಗಳೂರಿನದು ಇಪ್ಪತ್ತು ವರ್ಷದಲ್ಲಿ ದುಪ್ಪಟ್ಟಾಯಿತು. ಸನ್ನದು ಅಷ್ಟೇ, ಕೇಳುವವರು ಹೆಚ್ಚು. ಆದರೆ ಇದ್ದ ಸನ್ನದನ್ನು ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸಲು, ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸಾಗಿಸಲು ನಿಯಮದಲ್ಲಿ ದಾರಿ ಉಳಿಯಿತು. ಹೀಗೆ ಸರ್ಕಾರ ಕೊಟ್ಟ ಒಂದು ಅನುಮತಿ ಪತ್ರ ನಿವೇಶನದಂತೆ ಕೊಳ್ಳುವ ಮಾರುವ ಆಸ್ತಿಯಾಯಿತು. ಅದರ ಬೆಲೆ ಕೋಟಿಗಳಲ್ಲಿ ಎಂಬುದು ಅಬಕಾರಿ ವಲಯದಲ್ಲಿ ಗುಟ್ಟೇನಲ್ಲ. ಕೊಳ್ಳಲಾಗದವರು ನಿಯಮ ಒಪ್ಪದ ಬಾಡಿಗೆ ಕರಾರಿಗೆ ಇಳಿಯುತ್ತಾರೆ. ಕಾಗದದ ಮೇಲೆ ಸನ್ನದುದಾರ ಒಬ್ಬ, ಬಾರ್ ನಡೆಸುವವನು ಇನ್ನೊಬ್ಬ. ಯಾವಾಗ ಯಾರು ಯಾರನ್ನು ಹೊರಹಾಕುತ್ತಾರೋ ಎಂಬ ಭಯದ ಮೇಲೆ ನಿಂತ ವ್ಯಾಪಾರ ಅದು.

ಲೆಕ್ಕ ಹಾಕಿ ನೋಡೋಣ. ಉದಾಹರಣೆಗೆ, ಸನ್ನದಿಗೆ ಎರಡು ಕೋಟಿ ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ ನೂರಕ್ಕೆ 12ರಂತೆ ಬಡ್ಡಿ 24 ಲಕ್ಷ; ತಿಂಗಳಿಗೆ 2 ಲಕ್ಷ; ದಿನಕ್ಕೆ ಸುಮಾರು 6,600 ರೂಪಾಯಿ. ಇಪ್ಪತ್ತು ಕುರ್ಚಿಯೂ ಪ್ರತಿದಿನ ತುಂಬಿತು, ಬಂದವರೆಲ್ಲ ಎರಡೆರಡು ಕಾಕ್‌ಟೇಲ್ ಕುಡಿದರು ಎಂದರೆ ದಿನಕ್ಕೆ 40 ಲೋಟ. ಒಂದೊಂದು ಲೋಟದ ಮೇಲೂ 165 ರೂಪಾಯಿ ಬರೀ ಬಡ್ಡಿಗೆ ಹೋಗುತ್ತದೆ. ಬಾಡಿಗೆ, ಸಂಬಳ, ಮದ್ಯ, ನಿಂಬೆಹಣ್ಣು, ಕರೆಂಟು ಯಾವುದೂ ಇದರಲ್ಲಿ ಸೇರಿಲ್ಲ. ಇಂದಿರಾನಗರದಲ್ಲಿ ಒಂದು ಲೋಟಕ್ಕೆ 700 ರೂಪಾಯಿ ಕೊಡುವವರು ಇದ್ದಾರೆ. ಹಾಸನದಲ್ಲಿ ಮಂಗಳವಾರ ಸಂಜೆ ಅಂಥವರು ಇಪ್ಪತ್ತು ಮಂದಿ ಎಲ್ಲಿಂದ ಬರಬೇಕು?

ಎರಡು ಕೋಟಿ ಸುರಿದವನಿಗೆ ಒಂದೇ ದಾರಿ, ಹೆಚ್ಚು ಸುರಿಯುವುದು, ಬೇಗ ಸುರಿಯುವುದು. 60 ಎಂ.ಎಲ್. ಅಳೆದು ಸೋಡಾ ಇಡಲು ಸಪ್ಲೈಯರ್‌ಗೆ ಅರ್ಧ ನಿಮಿಷ ಸಾಕು. ಕ್ವಾರ್ಟರ್ ಬಾಟಲಿಯನ್ನೇ ಟೇಬಲ್ ಮೇಲೆ ಇಟ್ಟರೆ ಅಷ್ಟೂ ಬೇಡ. 90 ಎಂ.ಎಲ್. ಪ್ಯಾಕೆಟ್ ಆದರೆ ಗಿರಾಕಿ ನಿಂತಲ್ಲೇ ಮುಗಿಸಿ ಜಾಗ ಬಿಡುತ್ತಾನೆ. ಕಾಕ್‌ಟೇಲ್‌ಗೆ ಹಾಗಲ್ಲ. ನಿಂಬೆ ಆಗಲೇ ಹಿಂಡಬೇಕು, ಸಿಹಿ ಹುಳಿ ಹದ ನೋಡಬೇಕು, ಐಸ್ ಹಾಕಿ ಅಲುಗಿಸಬೇಕು, ಸೋಸಬೇಕು. ಮೂರು ನಾಲ್ಕು ನಿಮಿಷ ಒಬ್ಬ ಗಿರಾಕಿಗೇ ಹೋಯಿತು. ಅವನು ಅದನ್ನು ಅರ್ಧ ಗಂಟೆ ಹೀರುತ್ತಾ ಕೂರುತ್ತಾನೆ. ಆರೋಗ್ಯದ ಕಣ್ಣಿನಿಂದ ಇದು ವಾಸಿ, ಬಡ್ಡಿ ಕಟ್ಟುವವನ ಕಣ್ಣಿಗೆ ನಷ್ಟ. ಅಂಗಡಿಗಳ ಸಂಖ್ಯೆ ಕಟ್ಟಿಹಾಕಿ ಕುಡಿತ ತಗ್ಗಿಸಲು ಹೊರಟ ನೀತಿ ಇದ್ದ ಅಂಗಡಿಗಳನ್ನೆಲ್ಲ ಹೆಚ್ಚು ಕುಡಿಸುವ ಅಂಗಡಿಗಳನ್ನಾಗಿ ಮಾಡಿತು. ಈ ಇಡೀ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ.

ಸಿಎಲ್-9 ಸಿಗದಿದ್ದರೆ ಇನ್ನೊಂದು ಬಾಗಿಲಿದೆ, ಸಿಎಲ್-7. ಇದು ವಸತಿಗೃಹಕ್ಕೆ ಕೊಡುವ ಸನ್ನದು. ಬೆಂಗಳೂರಿನಂಥ ಮಹಾನಗರದಲ್ಲಿ 30 ಡಬಲ್ ರೂಮು, ಉಳಿದೆಡೆ 15 ಡಬಲ್ ರೂಮು ಇರುವ ಲಾಡ್ಜಿಗೆ ಇದು ದೊರೆಯುತ್ತದೆ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಬಸ್ ನಿಲ್ದಾಣದ ಹತ್ತಿರ ಕೆಳಗೆ ಬಾರ್, ಮೇಲೆ ಲಾಡ್ಜು ಎಂಬ ಕಟ್ಟಡಗಳು ಏಕೆ ಅಷ್ಟೊಂದಿವೆ ಎಂದು ಯಾರಾದರೂ ಯೋಚಿಸಿದ್ದರೆ ಉತ್ತರ ಇಲ್ಲಿದೆ. ಎಷ್ಟೋ ಕಡೆ ರೂಮುಗಳಿಗೆ ಗಿರಾಕಿ ಬೇಕೆಂದು ಕಟ್ಟಿದ್ದಲ್ಲ. ಕೆಳಗಿನ ಬಾರ್‌ಗೆ ಸನ್ನದು ಬೇಕೆಂದು ಕಟ್ಟಿದ್ದು. ಇಪ್ಪತ್ತು ಕುರ್ಚಿ ಹಾಕಬೇಕೆಂದವಳು ಹದಿನೈದು ರೂಮಿನ ಲಾಡ್ಜು ಕಟ್ಟಬೇಕು. ಕಟ್ಟಿದ ಮೇಲೆ ಆ ಲಾಡ್ಜಿನ ಕೆಳಗಿನ ಬಾರಿಗೆ ಊರಿನ ಹೆಂಗಸರು ಬರುವುದಿಲ್ಲ.

ಮೂರನೆಯ ಬಾಗಿಲು ಸ್ಟಾರ್ ಹೋಟೆಲುಗಳದ್ದು, ಸಿಎಲ್-6ಎ. ಏಷ್ಯಾದ ಐವತ್ತು ಉತ್ತಮ ಬಾರ್‌ಗಳ ಪಟ್ಟಿಯಲ್ಲಿ ಬೆಂಗಳೂರಿನ ಹೆಸರು ಮೊದಮೊದಲು ಕಾಣಿಸಿದಾಗ ಅದರಲ್ಲಿದ್ದವು ಫೋರ್ ಸೀಸನ್ಸ್ ಹೋಟೆಲಿನ ಕೋಪಿಟಾಸ್, ಲೀಲಾ ಪ್ಯಾಲೇಸಿನ ಝಡ್‌ಎಲ್‌ಬಿ 23. ಎರಡೂ ಪಂಚತಾರಾ ಹೋಟೆಲಿನ ಒಳಗಿವೆ. ಅಲ್ಲಿನ ಬಾರ್‌ಟೆಂಡರ್‌ಗಳ ಕೈಚಳಕಕ್ಕೆ ಗೌರವ ಸಲ್ಲಲೇಬೇಕು. ಆದರೆ ಸನ್ನದಿನ ಬಡ್ಡಿ ತಲೆಯ ಮೇಲೆ ಕೂರದಿದ್ದಾಗ ಮಾತ್ರ ಆ ಕೈಚಳಕಕ್ಕೆ ಪುರುಸೊತ್ತು ಸಿಗುತ್ತದೆ ಎಂಬುದನ್ನೂ ನೋಡಬೇಕು. ನಾಲ್ಕನೆಯದು ಕ್ಲಬ್ಬುಗಳ ಸಿಎಲ್-4. ವಿಶ್ವೇಶ್ವರಯ್ಯನವರ ಮುತುವರ್ಜಿಯಲ್ಲಿ 1917ರಲ್ಲಿ ಹುಟ್ಟಿದ ಸೆಂಚುರಿ ಕ್ಲಬ್ ಆಗಲಿ, ಜಿಲ್ಲಾ ಕೇಂದ್ರಗಳ ಹಳೆಯ ಕ್ಲಬ್ಬುಗಳಾಗಲಿ ಸದಸ್ಯರಿಗೆ ಮತ್ತು ಅವರ ಅತಿಥಿಗಳಿಗೆ ಮಾತ್ರ.

ಸನ್ನದು ಹೇಗೋ ಸಿಕ್ಕಿತು ಎನ್ನಿ. ಮುಂದಿನದು ಸರಕು. ಕರ್ನಾಟಕದಲ್ಲಿ ಮದ್ಯವೆಲ್ಲ 2003ರಲ್ಲಿ ಆರಂಭವಾದ ರಾಜ್ಯ ಪಾನೀಯ ನಿಗಮದ ಡಿಪೋಗಳ ಮೂಲಕವೇ ಬರಬೇಕು. ಒಂದೊಂದು ಬ್ರ್ಯಾಂಡಿನ ಒಂದೊಂದು ಲೇಬಲ್ಲೂ ಅಬಕಾರಿ ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ನೋಂದಣಿಯಾಗಬೇಕು. ಆ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ. ತಿಂಗಳಿಗೆ ನಾಲ್ಕು ಬಾಟಲಿ ಹೋಗುವ ವರ್ಮುತ್ತನ್ನು, ಕಹಿ ಲಿಕ್ಯೂರನ್ನು ಜಿಲ್ಲಾ ಡಿಪೋಗೆ ತರಿಸಲು ಯಾವ ಕಂಪನಿಗೂ ಉತ್ಸಾಹವಿರುವುದಿಲ್ಲ. ಒಳ್ಳೆಯ ಮದ್ಯ ನಮ್ಮಲ್ಲಿ ತಯಾರಾಗುವುದಿಲ್ಲ ಎಂದಲ್ಲ. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿ ಸ್ಕಾಟ್ಲೆಂಡಿನವರಿಂದ ಸೈ ಎನಿಸಿಕೊಂಡಿತು. ಬೆಂಗಳೂರಿನದೇ ಆದ ಜಾನ್ ಡಿಸ್ಟಿಲರೀಸ್ ಕೂಡ ಪಾಲ್ ಜಾನ್ ಹೆಸರಿನಲ್ಲಿ ಅದೇ ಹಾದಿ ಹಿಡಿಯಿತು. ಅಂಥ ಬಾಟಲಿ ಮಾಡಬಲ್ಲ ರಾಜ್ಯದಲ್ಲಿ ಅದನ್ನು ಸಾವಧಾನವಾಗಿ ಕುಡಿಸುವ ಸಣ್ಣ ಜಾಗ ಸಣ್ಣ ಊರಲ್ಲಿ ಇಲ್ಲ.

ಡಿಪೋದಲ್ಲಿ ಇಲ್ಲದ್ದನ್ನು ತಾವೇ ಮಾಡಿಕೊಳ್ಳೋಣ, ಜಿನ್‌ಗೆ ಮೆಣಸು ಕಿತ್ತಳೆ ಸಿಪ್ಪೆ ಹಾಕಿ ನೆನೆಸಿಡೋಣ ಎಂದರೆ ಇನ್ನೊಂದು ತೊಡಕು. ಮದ್ಯದ ಕಲಬೆರಕೆ ಅಬಕಾರಿ ಕಾಯ್ದೆಯಲ್ಲಿ ಅಪರಾಧ. ಗಿರಾಕಿ ಕೇಳಿದಾಗ ಲೋಟದಲ್ಲಿ ಬೆರೆಸುವುದು ಬೇರೆ. ಲೇಬಲ್ ಇರುವ ಬಾಟಲಿಯಲ್ಲಿ ಲೇಬಲ್ ಹೇಳದ ಬಣ್ಣದ ದ್ರವ ಕಂಡ ಇನ್‌ಸ್ಪೆಕ್ಟರ್ ಅದನ್ನು ಕಸುಬು ಎಂದು ನೋಡುತ್ತಾರೋ ಕಲಬೆರಕೆ ಎಂದು ನೋಡುತ್ತಾರೋ ಎಂಬುದರ ಮೇಲೆ ಅಂಗಡಿಯ ಹಣೆಬರಹ ನಿಂತಿದೆ.

ಐಸ್ ಕೂಡ ಸಣ್ಣ ಮಾತಲ್ಲ. ಕಾಕ್‌ಟೇಲಿನ ಅರ್ಧ ಜೀವ ಅದು. ಸಣ್ಣ ಊರಲ್ಲಿ ಐಸ್ ಕಾರ್ಖಾನೆ ಇದ್ದರೆ ಅದು ಹೆಚ್ಚಾಗಿ ಮೀನು, ಹಾಲು ಕೆಡದಂತೆ ಇಡಲು. ಹಾಗೆ ತಯಾರಾಗುವ ತಿನ್ನಬಾರದ ಐಸಿಗೆ ನೀಲಿ ಬಣ್ಣ ಬೆರೆಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಹೇಳಿದೆ. ಕುಡಿಯುವ ಐಸಿಗೆ ಸ್ವಂತ ಮಷೀನು ಬೇಕು, ಬೋರ್‌ವೆಲ್ ನೀರಿನ ಗಡಸು ತೆಗೆಯುವ ಫಿಲ್ಟರ್ ಬೇಕು, ಕರೆಂಟು ಹೋದಾಗ ಜನರೇಟರ್ ಬೇಕು. ಇವೆಲ್ಲಕ್ಕೂ ಕಟ್ಟಿದ ಜಿಎಸ್‌ಟಿ ಕೈಬಿಟ್ಟು ಹೋದಂತೆಯೇ. ಮದ್ಯ ಜಿಎಸ್‌ಟಿಯ ಹೊರಗಿದೆ, ಊಟದ ಮೇಲಿನ ನೂರಕ್ಕೆ ಐದರ ಜಿಎಸ್‌ಟಿಯಲ್ಲಿ ಹೂಡುವಳಿ ತೆರಿಗೆ ವಾಪಸಾತಿಗೆ ಅವಕಾಶವಿಲ್ಲ. ಮಷೀನು, ಪೀಠೋಪಕರಣ, ಕೆಲವೊಮ್ಮೆ ಮಳಿಗೆಯ ಬಾಡಿಗೆ, ಎಲ್ಲದರ ಮೇಲಿನ ತೆರಿಗೆಯನ್ನೂ ಮಾಲೀಕ ತಾನೇ ನುಂಗಿಕೊಳ್ಳಬೇಕು.

ನಿಯಮ ಪಾಲಿಸಿ ಕೂತವರಿಗೂ ನೆಲ ಗಟ್ಟಿಯಿಲ್ಲ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು ಆದೇಶಿಸಿತು. ಸಣ್ಣ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಿದ್ದು 2017ರ ಮಾರ್ಚ್ ಕೊನೆಯಲ್ಲಿ. ಕುಡಿದು ಗಾಡಿ ಓಡಿಸಿ ಸಾಯುವವರ ಲೆಕ್ಕ ನೋಡಿದರೆ ಆ ಆದೇಶದ ಕಾಳಜಿ ಸರಿಯಾದದ್ದೇ. ಆದರೆ 2017ರ ಜುಲೈ 1ರಂದು ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯ ಎಷ್ಟೋ ಬಾರ್‌ಗಳು ರಾತ್ರೋರಾತ್ರಿ ಬಾಗಿಲು ಹಾಕಬೇಕಾಯಿತು. ಪಟ್ಟಣ ವ್ಯಾಪ್ತಿಯೊಳಗಿನ ರಸ್ತೆಗಳಿಗೆ ಇದು ಅಡ್ಡಿಯಲ್ಲ ಎಂಬ ಸ್ಪಷ್ಟನೆ ಅದೇ ತಿಂಗಳು ಬಂತು. ದೊಡ್ಡ ಬಂಡವಾಳದವರು ಅಂಥ ಪೆಟ್ಟನ್ನು ತಡೆದುಕೊಂಡಾರು. ಮನೆ ಅಡವಿಟ್ಟು ಶುರು ಮಾಡಿದವರು ತಡೆದುಕೊಳ್ಳಲಾರರು. ಗಣೇಶ ವಿಸರ್ಜನೆಯ ಮೆರವಣಿಗೆ, ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆ, ಊರಲ್ಲಿ ಸ್ವಲ್ಪ ಬಿಗುವಿದ್ದರೆ ಜಿಲ್ಲಾಧಿಕಾರಿಗಳ ಇನ್ನೊಂದು ಆದೇಶ, ಹೀಗೆ ಬಾಗಿಲು ಮುಚ್ಚುವ ದಿನಗಳು ಬೇರೆ. ಇವು ಬೇಕಾದ ಕ್ರಮಗಳೇ, ಲೆಕ್ಕದಲ್ಲಿ ಹಿಡಿದಿಟ್ಟುಕೊಳ್ಳಬೇಕು ಅಷ್ಟೆ.

ಇನ್ನು ಹೆಂಗಸರ ವಿಷಯ. 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದಕ್ಕೆ ಗುಂಪು ನುಗ್ಗಿ ಹೆಣ್ಣುಮಕ್ಕಳನ್ನು ಎಳೆದಾಡಿ ಹೊಡೆದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. 2018ರಲ್ಲಿ ಆ ಪ್ರಕರಣದ ಆರೋಪಿಗಳು ಖುಲಾಸೆಯಾದರು. ಕಾಕ್‌ಟೇಲ್ ಬಾರ್ ನಡೆಯಬೇಕಾದರೆ ಬರುವವರಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು. ಸಣ್ಣ ಊರಲ್ಲಿ ಬಾರಿನ ಬಾಗಿಲು ದಾಟುವ ಹೆಂಗಸಿಗೆ ಬೇಕಾದದ್ದು ಬೆಳಕಿರುವ ರಸ್ತೆ, ಸ್ವಚ್ಛವಾದ ಶೌಚಾಲಯ, ರಾತ್ರಿ ಹತ್ತಕ್ಕೆ ಸಿಗುವ ಆಟೊ, ತೊಂದರೆಯಾದರೆ ಅವಳನ್ನೇ ಪ್ರಶ್ನಿಸದ ಪೊಲೀಸ್ ಠಾಣೆ. ಇದರಲ್ಲಿ ಶೌಚಾಲಯವೊಂದನ್ನು ಬಿಟ್ಟು ಉಳಿದದ್ದು ಯಾವುದೂ ಮಾಲೀಕರ ಕೈಯಲ್ಲಿಲ್ಲ. ಮಬ್ಬುಗತ್ತಲ ‘ಫ್ಯಾಮಿಲಿ ಸೆಕ್ಷನ್’ ಇದಕ್ಕೆ ಪರಿಹಾರವೇ ಅಲ್ಲ. ಹೆಂಗಸರನ್ನು ಮರೆಮಾಡಿ ಕೂರಿಸುವ ಜಾಗ ಅದು.

ಓದುಗರಲ್ಲಿ ಕೆಲವರಿಗೆ ಈಗಾಗಲೇ ಸಿಟ್ಟು ಬಂದಿರಬಹುದು. ಮನೆಗಳು ಮುಳುಗುತ್ತಿರುವಾಗ ಇವನಿಗೆ ಕಾಕ್‌ಟೇಲ್ ಚಿಂತೆಯೇ ಎಂದು. ಸಿಟ್ಟು ನ್ಯಾಯವಾದದ್ದು. ಸುರಕ್ಷಿತ ಎನ್ನುವಂಥ ಕುಡಿತದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗದ ಮುಂದೆ ಗಂಡನನ್ನೋ ಮಗನನ್ನೋ ಹಿಡಿದುಕೊಂಡು ಕಾಯುವ ಹೆಂಗಸರಿಗೆ ಯಾವ ಬಾರಿನ ಪರವಾದ ವಾದವೂ ಬೇಡ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು ಸರಿ ಎಂದೇ ನಾನು ನಂಬಿದ್ದೇನೆ. ಆದರೆ ಸರ್ಕಾರ ಕುಡಿತವನ್ನು ನಿಲ್ಲಿಸಲು ಹೊರಟಿಲ್ಲ. 2025–26ರ ಬಜೆಟ್ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಇಷ್ಟು ಹಣ ಜನರಿಂದ ಬರಬೇಕೆಂದು ಬರೆದಿಟ್ಟ ಮೇಲೆ, ಆ ಜನ ಎಂಥ ಜಾಗದಲ್ಲಿ, ಎಷ್ಟು ವೇಗದಲ್ಲಿ, ಏನು ತಿಂದು ಕುಡಿಯುತ್ತಾರೆ ಎಂಬುದಕ್ಕೂ ಸರ್ಕಾರವೇ ಹೊಣೆ.

ಸನ್ನದನ್ನು ಕಟ್ಟಿಹಾಕಿ ಪೇಚಿಗೆ ಸಿಕ್ಕವರು ನಾವೊಬ್ಬರೇ ಅಲ್ಲ. ಫ್ರಾನ್ಸ್‌ನಲ್ಲೂ ಎಲ್ಲ ಬಗೆಯ ಮದ್ಯ ಕೊಡಬಲ್ಲ ನಾಲ್ಕನೆಯ ದರ್ಜೆಯ ಸನ್ನದನ್ನು ಹೊಸದಾಗಿ ಕೊಡುವುದು ನಿಂತಿತ್ತು, ಇದ್ದವು ಕೈಯಿಂದ ಕೈಗೆ ಮಾರಾಟವಾಗುತ್ತಿದ್ದವು. ಹಳ್ಳಿಗಳ ಕೆಫೆಗಳು ಮುಚ್ಚುತ್ತಾ ಹೋದಾಗ ಅಲ್ಲಿನ ಸರ್ಕಾರ 2019ರ ಕೊನೆಯಲ್ಲಿ ಕಾನೂನು ತಿದ್ದಿ, 3,500ಕ್ಕಿಂತ ಕಡಿಮೆ ಜನರಿರುವ ಊರುಗಳಲ್ಲಿ ಹೊಸ ಸನ್ನದಿಗೆ ದಾರಿ ಮಾಡಿತು. ಅದಕ್ಕೊಂದು ಷರತ್ತು: ಆ ಸನ್ನದು ಊರು ಬಿಟ್ಟು ಹೋಗುವಂತಿಲ್ಲ. ಜಪಾನಿನಲ್ಲಿ ಊಟದಂಗಡಿಯ ಪರವಾನಗಿ ಇದ್ದರೆ ಕೂತವರಿಗೆ ಮದ್ಯ ಕೊಡಲು ಬೇರೆ ಸನ್ನದೇ ಬೇಡ. ಟೋಕಿಯೋದ ಗೋಲ್ಡನ್ ಗಾಯ್ ಗಲ್ಲಿಗಳಲ್ಲಿ ಆರೆಂಟು ಮಂದಿ ಮಾತ್ರ ಕೂರಬಹುದಾದ ಬಾರ್‌ಗಳು ಸಾಲಾಗಿ ಬದುಕಿರುವುದು ಅದರಿಂದಲೇ.

ನಮಗೂ ಇದು ತಿಳಿಯದ ವಿದ್ಯೆಯಲ್ಲ. ದ್ರಾಕ್ಷಿ ಬೆಳೆಗಾರರಿಗೆ ಅನುಕೂಲವಾಗಲೆಂದು 2007ರಲ್ಲಿ ಕರ್ನಾಟಕ ವೈನ್ ನೀತಿ ತಂದಾಗ ವೈನ್ ಟ್ಯಾವರ್ನ್, ವೈನ್ ಬೊಟಿಕ್ ಎಂದು ಹೊಸ ಬಗೆಯ ಸನ್ನದುಗಳನ್ನು ಸೃಷ್ಟಿಸಿತು. ಅದೇ ರೀತಿ ಸಣ್ಣ ಬಾರ್‌ಗೂ ಒಂದು ದರ್ಜೆ ಮಾಡಬಹುದು. ಇಪ್ಪತ್ತೈದು ಕುರ್ಚಿ ಮೀರಬಾರದು. ಅಡುಗೆಮನೆ ಕಡ್ಡಾಯ. ಪಾರ್ಸೆಲ್ ಇಲ್ಲ, ಕ್ವಾರ್ಟರ್ ಬಾಟಲಿ ಟೇಬಲಿಗೆ ಬರುವಂತಿಲ್ಲ. ರಾತ್ರಿ ಹತ್ತೂವರೆಗೆ ಬಾಗಿಲು. ವಾರ್ಡಿನವರ ಮಾತು ಕೇಳದೆ ಅನುಮತಿ ಇಲ್ಲ, 100 ಮೀಟರಿನ ನಿಯಮದಲ್ಲಿ ಒಂದು ಅಡಿಯೂ ರಿಯಾಯಿತಿ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸನ್ನದನ್ನು ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ. ನಡೆಸುವವರು ನಿಲ್ಲಿಸಿದ ದಿನ ಅದು ಸರ್ಕಾರಕ್ಕೆ ಮರಳಬೇಕು. ಮಾರಲಾಗದ ಕಾಗದಕ್ಕೆ ಯಾರೂ ಎರಡು ಕೋಟಿ ಕೊಡುವುದಿಲ್ಲ. ಆ ಬಡ್ಡಿಯ ಭಾರ ಇಳಿದರೆ ಹಾಸನದಲ್ಲೂ ಒಂದು ಒಳ್ಳೆಯ ಲೋಟವನ್ನು 250 ರೂಪಾಯಿಗೆ ಕೊಟ್ಟು ಬದುಕಬಹುದು.

ಸರ್ಕಾರ ಹೊರಟಿರುವ ದಾರಿ ಬೇರೆ. ಹಂಚಿಕೆಯಾಗದೆ ಉಳಿದ ಸನ್ನದುಗಳನ್ನು ಇ-ಹರಾಜಿನಲ್ಲಿ ಕೊಡುವುದಾಗಿ 2025–26ರ ಬಜೆಟ್‌ನಲ್ಲಿ ಹೇಳಲಾಯಿತು. ಶಿಫಾರಸು, ಕಮಿಷನ್ನುಗಳಿಗಿಂತ ಹರಾಜು ಮೇಲು, ಒಪ್ಪುತ್ತೇನೆ. ಆದರೆ ಹರಾಜಿನಲ್ಲಿ ಗೆಲ್ಲುವವರು ಹೆಚ್ಚು ಹಣ ಇಟ್ಟವರು, ಹೆಚ್ಚು ಹಣ ಇಟ್ಟವರು ಹೆಚ್ಚು ಸುರಿಯಲೇಬೇಕು. ಅಬಕಾರಿ ಸಚಿವರಲ್ಲಿ, ಇಲಾಖೆಯ ಆಯುಕ್ತರಲ್ಲಿ ನನ್ನ ಕೋರಿಕೆ ಇಷ್ಟೇ: ಜಿಲ್ಲೆಗೆ ಒಂದು ಸನ್ನದನ್ನು ಹರಾಜಿನಿಂದ ಹೊರಗಿಡಿ. ಕಸುಬು ಕಲಿತು ಊರಿಗೆ ಮರಳಿದವರಿಗೆ, ಮಾರಲಾಗದ ಷರತ್ತಿನ ಮೇಲೆ, ಮೂರು ವರ್ಷಕ್ಕೆ ಕೊಟ್ಟು ನೋಡಿ. ಊರಿಗೆ ತೊಂದರೆಯಾದರೆ ನಾಲ್ಕನೆಯ ವರ್ಷ ನವೀಕರಿಸಬೇಡಿ.